ಒಳ್ಳೆ ಹಾವು ಕಚ್ಚಿದರೆ

ಕೆರೆ ಏರಿಯಲ್ಲೋ ಗದ್ದೆ ಬದುವಿನಲ್ಲೋ ಚೌಕುಳಿ ಮೈಯ ಹಾವು ಕಂಡರೆ ‘ಒಳ್ಳೆ ಹಾವು ಬಿಡಿ, ಏನೂ ಮಾಡಲ್ಲ’ ಅನ್ನುವುದು ರೂಢಿ. ನಿಘಂಟಿನಲ್ಲಿ ‘ಒಳ್ಳೆ’ ಅಂದರೆ ನೀರುಹಾವು ಎಂದೇ ಒಂದು ಅರ್ಥವಿದೆ. ನೀರೊಳ್ಳೆ ಅನ್ನುವುದೂ ಅದನ್ನೇ. ಕಿವಿಗೆ ಮಾತ್ರ ಅದು ‘ಒಳ್ಳೆಯ ಹಾವು’ ಎಂದು ಕೇಳಿಸುತ್ತದೆ, ಹೆಸರೇ ನಡತೆ ಪ್ರಮಾಣಪತ್ರವಾಗಿಬಿಟ್ಟಿದೆ. ನಿಜಕ್ಕೂ ನೀರೊಳ್ಳೆಯಷ್ಟು ಮುಂಗೋಪದ ಹಾವು ಕಡಿಮೆ. ಹಿಡಿದರೆ ತಿರುಗಿ ಕಚ್ಚುತ್ತದೆ, ಕಚ್ಚಿದ ಮೇಲೆ ತಲೆ ಜಗ್ಗಿ ಚರ್ಮ ಹರಿಯುತ್ತದೆ. ಗಾಯ ಗೀರಿನಷ್ಟೇ ಇದ್ದರೂ ನೋಡಿದವರು ಗಾಬರಿ ಬೀಳುವಷ್ಟು ರಕ್ತ ಬರುತ್ತದೆ.

‘ಏನೂ ಆಗಲ್ಲ’ ಅನ್ನುವ ಮಾತಿನಲ್ಲಿ ಎರಡು ಮಾತು ಸೇರಿಕೊಂಡಿವೆ. ಈ ಜಾತಿಯ ಹಾವಿನಲ್ಲಿ ಮನುಷ್ಯನಿಗೆ ತಾಗುವಂಥ ವಿಷವಿಲ್ಲ ಅನ್ನುವುದು ಒಂದು. ಕಚ್ಚಿದ್ದು ಇದೇ ಜಾತಿ ಅನ್ನುವುದು ಇನ್ನೊಂದು. ಮೊದಲನೆಯದು ಅಪರೂಪಕ್ಕೆ ತಪ್ಪಾಗುತ್ತದೆ. ಎರಡನೆಯದು ಆಗಾಗ ತಪ್ಪಾಗುತ್ತದೆ, ಜೀವ ಹೋಗುವುದು ಹೆಚ್ಚಾಗಿ ಅಲ್ಲೇ.

ಮೊದಲನೆಯದನ್ನೇ ಮೊದಲು ನೋಡೋಣ. ನಾಗರ, ಮಂಡಲ, ಕಟ್ಟು ಹಾವುಗಳ ವಿಷದ ಹಲ್ಲು ಬಾಯಿಯ ಮುಂಭಾಗದಲ್ಲಿದೆ. ವಿಷದ ಚೀಲದ ಸುತ್ತ ಸ್ನಾಯು ಇದ್ದು, ಕಚ್ಚಿದ ಕ್ಷಣದಲ್ಲೇ ಸಿರಿಂಜಿನಂತೆ ಒತ್ತಿ ಒಳಗೆ ಬಿಡುತ್ತದೆ. ‘ವಿಷವಿಲ್ಲದ’ ಪಟ್ಟಿಯಲ್ಲಿರುವ ಎಷ್ಟೋ ಹಾವುಗಳಿಗೂ ಕಣ್ಣಿನ ಹಿಂದೆ, ಮೇಲ್ದವಡೆಯ ಪಕ್ಕದಲ್ಲಿ ಒಂದು ಗ್ರಂಥಿ ಇದೆ. 1832ರಲ್ಲಿ ಅದನ್ನು ವಿವರಿಸಿದ ಫ್ರೆಂಚ್ ಅಂಗರಚನಾ ತಜ್ಞ ದುವರ್ನ್ವಾನ ಹೆಸರಲ್ಲೇ ಅದು ಪ್ರಸಿದ್ಧ. ಇದಕ್ಕೆ ದೊಡ್ಡ ಸಂಗ್ರಹವಿಲ್ಲ, ಜೋರಾಗಿ ಒತ್ತುವ ಸ್ನಾಯುವೂ ಇಲ್ಲ. ರಸ ಜಿನುಗಿ ಬಾಯಿಯ ಹಿಂಭಾಗದ ಉದ್ದ ಹಲ್ಲಿನ ಮೇಲೆ ಇಳಿಯುತ್ತದೆ. ಕೆಲವು ಜಾತಿಗಳಲ್ಲಿ ಆ ಹಲ್ಲಿಗೆ ಗಾಡಿ ಜಾಡಿನಂಥ ಗೀರು ಇರುತ್ತದೆ, ಕೆಲವಲ್ಲಿ ಅದೂ ಇಲ್ಲ. ಹಾಗಾಗಿ ತಟ್ಟನೆ ಕಚ್ಚಿ ಬಿಟ್ಟರೆ ಒಳಗೆ ಹೋಗುವುದು ಬಹಳ ಕಡಿಮೆ. ಬಾಯಿಯ ಹಿಂಭಾಗದವರೆಗೆ ಬೆರಳು ಸಿಕ್ಕಿ, ಹಾವು ಅರ್ಧ ನಿಮಿಷ, ಒಂದು ನಿಮಿಷ ಅಗಿದರೆ ಲೆಕ್ಕವೇ ಬೇರೆ. ವೈದ್ಯರು ‘ಯಾವ ಹಾವು’ ಎಂದು ಕೇಳಿದ ಮೇಲೆ ‘ಎಷ್ಟು ಹೊತ್ತು ಹಿಡಿದುಕೊಂಡಿತ್ತು’ ಎಂದೂ ಕೇಳಬೇಕು. ಕೇಳದಿದ್ದರೆ ನೀವೇ ಹೇಳಿ.

ಈ ಗ್ರಂಥಿಯನ್ನು ಹಗುರವಾಗಿ ಕಂಡು ಸತ್ತವರಲ್ಲಿ ಹಾವಿನ ತಜ್ಞರೇ ಇದ್ದಾರೆ. ಶಿಕಾಗೋದ ಫೀಲ್ಡ್ ಮ್ಯೂಸಿಯಂನ ಕಾರ್ಲ್ ಪಿ. ಶ್ಮಿಟ್ ಅವರಿಗೆ 1957ರ ಸೆಪ್ಟೆಂಬರ್ 25ರಂದು ಆಫ್ರಿಕದ ಬೂಮ್‌ಸ್ಲ್ಯಾಂಗ್ ಹಾವಿನ ಮರಿಯೊಂದು ಎಡಗೈ ಹೆಬ್ಬೆರಳಿಗೆ ಕಚ್ಚಿತು. ಗುರುತು ಹಿಡಿಯಲೆಂದು ಊರಿನ ಮೃಗಾಲಯದವರು ಕಳಿಸಿದ್ದ ಹಾವು. ನೆಟ್ಟಿದ್ದು ಹಿಂಭಾಗದ ಒಂದೇ ಹಲ್ಲು. ಅವರು ಆಸ್ಪತ್ರೆಗೆ ಹೋಗದೆ ಲಕ್ಷಣಗಳನ್ನು ಬರೆಯುತ್ತ ಕೂತರು. ಮನೆಗೆ ಹೋಗುವ ರೈಲಿನಲ್ಲಿ ವಾಕರಿಕೆ, ಆಮೇಲೆ ಚಳಿಜ್ವರ, ಸಂಜೆ ವಸಡಿನಲ್ಲಿ ರಕ್ತ, ನಡುರಾತ್ರಿ ಮೂತ್ರದಲ್ಲಿ ರಕ್ತ. ಮರುದಿನ ಬೆಳಿಗ್ಗೆ ಜ್ವರ ಇಳಿದಿತ್ತು. ಚೆನ್ನಾಗಿ ತಿಂಡಿ ತಿಂದು, ಕೆಲಸಕ್ಕೆ ಬರುತ್ತೇನೆಂದು ಮ್ಯೂಸಿಯಂಗೆ ಫೋನ್ ಮಾಡಿದರು. ಮಧ್ಯಾಹ್ನದ ಊಟವಾದ ಮೇಲೆ ಉಸಿರು ಕಟ್ಟತೊಡಗಿತು. ಮೂರು ಗಂಟೆಯ ಹೊತ್ತಿಗೆ ತೀರಿಕೊಂಡಿದ್ದರು. ಶವಪರೀಕ್ಷೆಯಲ್ಲಿ ಶ್ವಾಸಕೋಶ, ಮೂತ್ರಪಿಂಡ, ಮಿದುಳು ಎಲ್ಲೆಡೆ ರಕ್ತಸ್ರಾವ ಕಂಡಿತು. ಜರ್ಮನಿಯ ರಾಬರ್ಟ್ ಮೆರ್ಟೆನ್ಸ್ ಅವರಿಗೂ ಸಾಕಿದ್ದ ಆಫ್ರಿಕದ ಕಡ್ಡಿ ಹಾವು ಕಚ್ಚಿತ್ತು. ಕಚ್ಚಿ 18 ದಿನಕ್ಕೆ, 1975ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಈ ವಿಷ ಕೆಲಸ ಮಾಡುವ ರೀತಿ ನೋಡಿದರೆ ಆ ಬೆಳಗಿನ ಸುಳ್ಳು ಚೇತರಿಕೆ ಅರ್ಥವಾಗುತ್ತದೆ. ಅದು ರಕ್ತವನ್ನು ನೇರವಾಗಿ ತೆಳ್ಳಗೆ ಮಾಡುವುದಿಲ್ಲ. ಹೆಪ್ಪುಗಟ್ಟಿಸುವ ಸರಪಳಿಯನ್ನು ದೇಹದೊಳಗೆ ಎಲ್ಲೆಂದರಲ್ಲಿ ಚಾಲೂ ಮಾಡುತ್ತದೆ. ಸಣ್ಣಸಣ್ಣ ಹೆಪ್ಪಾಗಿ ಫೈಬ್ರಿನೋಜೆನ್ ಎಂಬ ಕಚ್ಚಾವಸ್ತು ಪೂರ್ತಿ ಖಾಲಿಯಾಗುತ್ತದೆ. ನಿಜವಾದ ಗಾಯಕ್ಕೆ ಬೇಕಾದಾಗ ಹೆಪ್ಪಿಗೆ ಏನೂ ಉಳಿದಿರುವುದಿಲ್ಲ. ಇದಕ್ಕೆ ಗಂಟೆಗಳು ಹಿಡಿಯುತ್ತವೆ, ಕೆಲವೊಮ್ಮೆ ಒಂದೆರಡು ದಿನ. ಕಚ್ಚಿದ ಜಾಗದಲ್ಲಿ ಊತವಾಗಲಿ ನೋವಾಗಲಿ ಹೇಳುವಷ್ಟು ಇರುವುದಿಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಜಪಾನಿನ ಯಾಮಕಾಗಾಶಿ ಇದಕ್ಕೆ ನೇರ ಉದಾಹರಣೆ. ಗದ್ದೆ ಬಯಲಿನ ಈ ಹಾವನ್ನು ಅಲ್ಲಿನವರು ಬಹುಕಾಲ ನಿರಪಾಯಕಾರಿ ಎಂದೇ ಎಣಿಸಿದ್ದರು, ಮಕ್ಕಳು ಹಿಡಿದು ಆಡುತ್ತಿದ್ದರು. 1984ರಲ್ಲಿ ಐಚಿ ಪ್ರಾಂತ್ಯದಲ್ಲಿ ಶಾಲೆಯ ಹುಡುಗನೊಬ್ಬ ಕಚ್ಚಿಸಿಕೊಂಡು ಮಿದುಳಿನ ರಕ್ತಸ್ರಾವದಿಂದ ಸತ್ತ. ಈಗ ಅಲ್ಲಿ ಅದಕ್ಕೆಂದೇ ಪ್ರತಿವಿಷ ತಯಾರಾಗುತ್ತದೆ. ಈ ಹಾವಿನ ಕತ್ತಿನ ಮೇಲೆ ಇನ್ನೊಂದು ಗ್ರಂಥಿಯೂ ಇದೆ. ತಿಂದ ನೆಲಗಪ್ಪೆಗಳ ವಿಷವನ್ನೇ ಅಲ್ಲಿ ಕೂಡಿಡುತ್ತದೆ. ಕತ್ತು ಅದುಮಿದರೆ ಆ ರಸ ಚಿಮ್ಮಿ ಕಣ್ಣಿಗೆ ಬಿದ್ದು ಉರಿ ಹತ್ತುತ್ತದೆ.

ಜಪಾನಿನ ಕತೆ ನಮಗ್ಯಾಕೆ ಅಂದರೆ, ಅದೇ ಕುಲದ ಹಾವು ನಮ್ಮಲ್ಲೂ ಇದೆ. ಮಳೆಗಾಲದಲ್ಲಿ ಹುಲ್ಲಿನ ನಡುವೆ ಕಾಣುವ ಗಿಡ್ಡನೆಯ, ದಪ್ಪ ಮೈಯ ಹಸಿರು ಹಾವು, ಮರಿಯಾಗಿದ್ದಾಗ ಕತ್ತಿನ ಮೇಲೆ ಹಳದಿ ಮತ್ತು ಕಪ್ಪು ಬಾಣದ ಗುರುತು. ನೆಲಗಪ್ಪೆಯೇ ಇದರ ಮುಖ್ಯ ಊಟ. ಮೊದಲು ಬೇರೆ ಕುಲದಲ್ಲಿತ್ತು, ವಂಶವಾಹಿ ಪರೀಕ್ಷೆಯ ನಂತರ ಯಾಮಕಾಗಾಶಿಯ ರಾಬ್ಡೋಫಿಸ್ ಕುಲಕ್ಕೇ ಸೇರಿಸಿದರು. ಸಾಧು ಹಾವು, ಕಚ್ಚುವುದು ಕಡಿಮೆ. ಆದರೆ ಮೊಬೈಲ್ ಚಿತ್ರಕ್ಕಾಗಿ ಮಕ್ಕಳ ಕೈಗೆ ಕೊಡುವ ಹಾವುಗಳಲ್ಲಿ ಇದೂ ಒಂದು. ಆ ಚಾಳಿ ಬಿಡುವುದು ವಾಸಿ. ಈಶಾನ್ಯ ರಾಜ್ಯಗಳಲ್ಲಿರುವ ಇದರ ದಾಯಾದಿ, ಕೆಂಪು ಕತ್ತಿನ ಜಾತಿ, ಕಚ್ಚಿ ರಕ್ತ ಹೆಪ್ಪುಗಟ್ಟದೇ ಹೋದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ನಮ್ಮ ದೇಶದ ಪ್ರತಿವಿಷ ಇವಕ್ಕೆ ಕೆಲಸ ಮಾಡುವುದಿಲ್ಲ.

ಉಳಿದವನ್ನು ಬೇಗ ಹೇಳಿಬಿಡಬಹುದು. ಹಸಿರು ಬಳ್ಳಿಯಂಥ ಉದ್ದ ಮೂತಿಯ ಹಾವು ಹಣೆಗೆ ಕುಕ್ಕುತ್ತದೆ, ಕಣ್ಣು ಕೀಳುತ್ತದೆ ಅನ್ನುವುದು ಕಟ್ಟುಕತೆ. ಹಿಡಿದಾಗ ಬೆರಳಿಗೆ ಕಚ್ಚಿದರೆ ಊತ, ನೋವು, ಕೆಲವರಿಗೆ ಜೋಮು, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಬೆಕ್ಕಿನ ಕಣ್ಣಿನ ಹಾವುಗಳ ವಿಷ ಹಕ್ಕಿ, ಓತಿಗಳಿಗೆ ಹೇಳಿ ಮಾಡಿಸಿದಂತಿದೆ, ದೊಡ್ಡವರಿಗೆ ಊತ ಬಿಟ್ಟರೆ ಸಾಮಾನ್ಯವಾಗಿ ಏನಿಲ್ಲ. ಆದರೆ ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ಇದೇ ಕುಲದ ಕಂದು ಮರಹಾವು ಮಲಗಿದ್ದ ಹಸುಗೂಸುಗಳನ್ನು ಅಗಿದು ಉಸಿರಾಟದ ತೊಂದರೆ ತಂದಿದೆ. ಸಣ್ಣ ದೇಹ, ಉದ್ದನೆಯ ಕಡಿತ. ಕೂಸಿಗೆ ಯಾವ ಹಾವು ಕಚ್ಚಿದರೂ ಆಸ್ಪತ್ರೆಗೆ ಒಯ್ಯಬೇಕು, ಅದರಲ್ಲಿ ಚರ್ಚೆಯೇ ಬೇಡ. ಕೇರೆ ಹಾವಿನ ಬಾಲದ ಏಟಿಗೆ ಮೈ ಕೊಳೆಯುತ್ತದೆ, ಮಣ್ಣುಮುಕ್ಕ ನೆಕ್ಕಿದರೆ ಕುಷ್ಠ ಬರುತ್ತದೆ ಅನ್ನುವುದೆಲ್ಲ ಸುಳ್ಳು. ಕೇರೆಯ ಹಲ್ಲು ಮಾತ್ರ ಸುಳ್ಳಲ್ಲ. ಆರೇಳು ಅಡಿಯ ಕೇರೆ ಅಂಗೈಗೆ ಕಚ್ಚಿದರೆ ಗಾಯ ಆಳವಾಗಿಯೇ ಇರುತ್ತದೆ.

ಮಲೆನಾಡಿನವರು ಇನ್ನೊಂದನ್ನು ನೆನಪಿಡಬೇಕು. ಕಾಫಿ, ಏಲಕ್ಕಿ ತೋಟದ ತರಗೆಲೆಯಲ್ಲಿ ಎಲೆಯ ಬಣ್ಣದ್ದೇ ಆದ, ಮೂಗಿನ ತುದಿ ಮೇಲಕ್ಕೆ ಎದ್ದ, ಒಂದೂವರೆ ಗೇಣಿನ ಗುಳಿ ಮಂಡಲವಿದೆ. ಇದು ವಿಷದ ಹಾವೇ. ಆದರೆ ‘ಊದಿಕೊಳ್ಳುತ್ತೆ, ಸಾಯಿಸಲ್ಲ’ ಎಂದು ತಳ್ಳಿಹಾಕಿದ್ದೇ ಜಾಸ್ತಿ. ಬಹುಪಾಲು ಜನರಿಗೆ ಆಗುವುದೂ ಊತ, ಬೊಕ್ಕೆ ಅಷ್ಟೇ. ಕೆಲವರಿಗೆ ಮಾತ್ರ ರಕ್ತ ಕೆಡುತ್ತದೆ, ಮೂತ್ರಪಿಂಡ ನಿಲ್ಲುತ್ತದೆ, ಡಯಾಲಿಸಿಸ್ ಬೇಕಾಗುತ್ತದೆ. ಕೇರಳದಲ್ಲಿ ಹೀಗಾದವರ ಹಾವನ್ನು ಗರಗಸ ಮಂಡಲವೆಂದು ತಪ್ಪಾಗಿ ಗುರುತಿಸಿ ಪ್ರತಿವಿಷ ಕೊಟ್ಟದ್ದಿದೆ, ಅದು ಕೆಲಸ ಮಾಡಲಿಲ್ಲ. ನಮ್ಮಲ್ಲಿ ಸಿಗುವ ಪ್ರತಿವಿಷದ ಚುಚ್ಚುಮದ್ದು ತಯಾರಾಗುವುದು ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ ಮಾತ್ರ. ತೋಟದಲ್ಲಿ ಇದು ಕಚ್ಚಿದವರ ಮೂತ್ರದ ಪ್ರಮಾಣವನ್ನು ಎರಡು ಮೂರು ದಿನ ಅಳೆದು ನೋಡಬೇಕು. ಮೂತ್ರ ಕಡಿಮೆಯಾದರೆ ಕಾಯಬಾರದು.

ಇನ್ನು ಎರಡನೆಯ ಮಾತು, ಗುರುತಿನ ತಪ್ಪು. ಮನೆಯೊಳಗೆ ಬರುವ ಪಟ್ಟೆಪಟ್ಟೆಯ ಹಾವುಗಳಲ್ಲಿ ಒಂದು ತೋಳ ಹಾವು, ಗೋಡೆ ಹತ್ತಿ ಹಲ್ಲಿ ಹಿಡಿಯುತ್ತದೆ, ವಿಷವಿಲ್ಲ. ಇನ್ನೊಂದು ಕಟ್ಟು ಹಾವು. ವ್ಯತ್ಯಾಸ ಇರುವುದು ಹೀಗೆ: ತೋಳ ಹಾವಿನ ಪಟ್ಟೆ ಕತ್ತಿನ ಬಳಿಯೇ ದಪ್ಪಗೆ ಶುರುವಾಗಿ ಬಾಲದ ಕಡೆ ಮಸುಕಾಗುತ್ತದೆ. ಕಟ್ಟು ಹಾವಿನಲ್ಲಿ ತಲೆಯ ಬಳಿ ಪಟ್ಟೆ ಇರುವುದೇ ಅಪರೂಪ, ಹಿಂದೆ ಹೋದಂತೆ ತೆಳ್ಳನೆಯ ಬಿಳಿ ಗೆರೆಗಳು ಜೋಡಿಜೋಡಿಯಾಗಿ ಎದ್ದು ಕಾಣುತ್ತವೆ. ಅದರ ಬೆನ್ನಿನ ನಡುಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡವು, ಆರು ಮೂಲೆಯವು. ಬಾಲದ ಅಡಿಯ ಹುರುಪೆ ಕಟ್ಟು ಹಾವಿನಲ್ಲಿ ಒಂಟಿ, ತೋಳ ಹಾವಿನಲ್ಲಿ ಇಬ್ಭಾಗ. ಇದನ್ನೆಲ್ಲ ಓದಿಕೊಂಡು ರಾತ್ರಿ ಎರಡು ಗಂಟೆಗೆ ಟಾರ್ಚಿನ ಬೆಳಕಲ್ಲಿ ಹಾವನ್ನು ಮಗುಚಿ ನೋಡಲು ಹೋಗಬೇಡಿ. ಸತ್ತ ಹಾವಿನ ಚಿತ್ರದಲ್ಲಿ, ಮಾರನೆಯ ದಿನ, ತಜ್ಞರು ನೋಡುವ ಗುರುತುಗಳಿವು.

ಕಟ್ಟು ಹಾವಿನ ಮೋಸ ಎಲ್ಲಿದೆ ಅಂದರೆ, ಅದರ ಕಡಿತವೇ ನಿರಪಾಯದ ವೇಷ ಹಾಕಿ ಬರುತ್ತದೆ. ನೆಲದ ಮೇಲೆ ಮಲಗಿದವರಿಗೆ ನಿದ್ದೆಯಲ್ಲಿ ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ, ಗುರುತು ಸೊಳ್ಳೆ ಕಚ್ಚಿದಷ್ಟು, ಕೆಲವೊಮ್ಮೆ ಅದೂ ಇಲ್ಲ. ‘ಏನೋ ಹುಳ ಮುಟ್ಟಿರಬೇಕು’ ಎಂದು ಮಗ್ಗುಲು ಬದಲಿಸಿ ಮಲಗುತ್ತಾರೆ. ಬೆಳಗಿನ ಜಾವ ಹೊಟ್ಟೆ ಕಿವುಚಿದಂಥ ನೋವು, ವಾಂತಿ. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗುತ್ತಾರೆ. ಆಮೇಲೆ ರೆಪ್ಪೆ ಎತ್ತಲಾಗುವುದಿಲ್ಲ, ಎಂಜಲು ನುಂಗಲಾಗುವುದಿಲ್ಲ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಈ ವಿಷ ನರದ ತುದಿಯನ್ನೇ ಹಾಳು ಮಾಡುವುದರಿಂದ, ಸ್ನಾಯು ಸೋತ ಮೇಲೆ ಕೊಟ್ಟ ಪ್ರತಿವಿಷ ಅದನ್ನು ತಿರುಗಿ ಸರಿಮಾಡುವುದಿಲ್ಲ. ಹೊಸ ನರತುದಿ ಚಿಗುರುವವರೆಗೆ ವೆಂಟಿಲೇಟರ್ ಬೇಕು, ಅದಕ್ಕೆ ದಿನಗಳೇ ಹಿಡಿಯಬಹುದು. ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಹೊಟ್ಟೆನೋವಿನ ಜೊತೆ ಕಣ್ಣುರೆಪ್ಪೆ ಜೋತುಬಿದ್ದರೆ, ಹಾವನ್ನು ಯಾರೂ ನೋಡದಿದ್ದರೂ ಹಾವು ಕಡಿತ ಎಂದೇ ಹೊರಡಿ.

ಇದೇ ಥರ, ಕೊಳಕು ಮಂಡಲವನ್ನು ಹೆಬ್ಬಾವಿನ ಮರಿ ಎಂದು ಬರಿಗೈಯಲ್ಲಿ ಎತ್ತಿದವರಿದ್ದಾರೆ. ಮಂಡಲದ ಬೆನ್ನಿನ ಮೇಲಿನ ಗುರುತು ಸರಪಳಿಯ ಕೊಂಡಿಗಳಂತೆ ಮೂರು ಸಾಲಿನಲ್ಲಿ ಅಚ್ಚುಕಟ್ಟಾಗಿರುತ್ತದೆ, ಕೆಣಕಿದರೆ ಕುಕ್ಕರ್ ಸೀಟಿಯಂತೆ ಬುಸುಗುಟ್ಟುತ್ತದೆ. ಹೆಬ್ಬಾವಿನ ಮೈಮೇಲಿನ ತೇಪೆಗಳಿಗೆ ಅಂಥ ಸಾಲು ಇರುವುದಿಲ್ಲ. ಬಯಲುಸೀಮೆಯ ಗರಗಸ ಮಂಡಲವೂ ಗಾತ್ರದಿಂದಲೇ ಮೋಸ ಮಾಡುತ್ತದೆ: ‘ಇಷ್ಟುದ್ದದ್ದು ಏನು ಮಾಡೀತು’. ಎರಡು ಹಲ್ಲಿನ ಗುರುತಿದ್ದರೆ ವಿಷ, ಸಾಲು ಹಲ್ಲಾದರೆ ವಿಷವಿಲ್ಲ ಅನ್ನುವ ಪಾಠವನ್ನೂ ಮರೆಯಿರಿ. ವಿಷದ ಹಾವಿನ ಒಂದೇ ಹಲ್ಲು ತಾಗಬಹುದು, ಬರೀ ಗೀರಾಗಬಹುದು, ಎರಡು ಸಲ ಕಚ್ಚಿ ನಾಲ್ಕು ಗುರುತಾಗಬಹುದು.

ಆದ್ದರಿಂದ ಕ್ರಮ ಒಂದೇ. ಹಾವು ಯಾವುದೆಂದು ತಿಳಿದವರು ನೋಡಿ ಖಚಿತವಾಗಿ ಹೇಳುವವರೆಗೆ ಅದು ವಿಷದ ಕಡಿತ. ಉಂಗುರ, ಬಳೆ, ಕಾಲುಂಗುರ, ಗಡಿಯಾರ ಮೊದಲು ತೆಗೆಯಿರಿ, ಊದಿದ ಮೇಲೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಕಚ್ಚಿದ ಕೈಕಾಲನ್ನು ಮುರಿದ ಮೂಳೆಯಂತೆ ಹಲಗೆಯೋ ಮಡಚಿದ ಪತ್ರಿಕೆಯೋ ಇಟ್ಟು ಸಡಿಲವಾಗಿ ಸುತ್ತಿ, ಅಲುಗಾಡಿಸದೆ ಕರೆದೊಯ್ಯಿರಿ. ನಡೆಸಬೇಡಿ. ಹಗ್ಗ, ಟವೆಲಿನಿಂದ ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ಬಾಯಿ ಹಾಕಿ ಹೀರಬೇಡಿ. ಕೇರೆ ಕಚ್ಚಿದ ಬೆರಳನ್ನು ಬಿಗಿದು ಕಟ್ಟಿ, ಗಂಟೆಗಟ್ಟಲೆ ಬಿಟ್ಟು, ಕೊನೆಗೆ ಆ ಬೆರಳನ್ನೇ ಕಳೆದುಕೊಂಡರೆ ಅದು ಹಾವಿನ ತಪ್ಪಲ್ಲ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಬ್ರೂಫೆನ್ ಬೇಡ, ರಕ್ತಸ್ರಾವದ ಅನುಮಾನವಿರುವಾಗ ಅವು ಕೇಡು.

ಗಾಬರಿಯ ಲಕ್ಷಣಗಳೂ ವಿಷದಂತೆಯೇ ಕಾಣುತ್ತವೆ. ಕಚ್ಚಿದ ಐದು ನಿಮಿಷದಲ್ಲೇ ಏದುಸಿರು, ತುಟಿಯ ಸುತ್ತ ಮತ್ತು ಬೆರಳಲ್ಲಿ ಜುಮುಜುಮು, ಕೈ ಸೆಟೆದುಕೊಳ್ಳುವುದು, ಕಣ್ಣು ಕತ್ತಲೆ. ಜೋರಾಗಿ ಉಸಿರಾಡಿದ್ದರ ಫಲ ಇದು. ರೆಪ್ಪೆ ಜೋತುಬೀಳುವುದು ಮಾತ್ರ ಗಾಬರಿಯಿಂದ ಆಗುವುದಿಲ್ಲ. ಹಾವುಗಳನ್ನು ದಿನವೂ ಹಿಡಿಯುವವರಿಗೆ ಇನ್ನೊಂದು ಅಪಾಯವಿದೆ, ಪದೇಪದೇ ಕಚ್ಚಿಸಿಕೊಂಡು ಅಲರ್ಜಿ ಬೆಳೆಯುತ್ತದೆ. ಅಂಥವರಿಗೆ ಅಲ್ಪ ವಿಷದ ಹಾವಿನ ಎಂಜಲೂ ಮೈಯೆಲ್ಲ ದದ್ದು, ಗಂಟಲು ಊತ, ರಕ್ತದೊತ್ತಡ ಕುಸಿತ ತರಬಹುದು.

ಆಸ್ಪತ್ರೆಯಲ್ಲಿ ಮಾಡುವ ಮುಖ್ಯ ಪರೀಕ್ಷೆ ಒಂದು ಗಾಜಿನ ಕೊಳವೆಯದ್ದು. ಹೊಸ, ಒಣಗಿದ ಕೊಳವೆಗೆ 2 ಮಿ.ಲೀ. ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ನಿಲ್ಲಿಸಿ, ಒಮ್ಮೆ ಓರೆ ಮಾಡಿ ನೋಡುತ್ತಾರೆ. ಗಟ್ಟಿಯಾಗಿ ನಿಂತರೆ ಸರಿ, ನೀರಿನಂತೆ ಹರಿದರೆ ಹೆಪ್ಪುಗಟ್ಟುವ ಶಕ್ತಿ ಹೋಗಿದೆ. ಕೊಳವೆ ಪ್ಲಾಸ್ಟಿಕ್ಕಿನದಾದರೆ, ಅಥವಾ ಸೋಪಿನ ಪುಡಿಯಲ್ಲಿ ತೊಳೆದದ್ದಾದರೆ ಸರಿಯಿದ್ದ ರಕ್ತವೂ ಹೆಪ್ಪುಗಟ್ಟದೆ ಸುಳ್ಳು ಉತ್ತರ ಬರುತ್ತದೆ. ಮಧ್ಯೆ ಮಧ್ಯೆ ಕುಲುಕಿದರೂ ಅಷ್ಟೇ. ಮೊದಲ ಸಲ ಸರಿಯಿದ್ದರೆ ಮನೆಗೆ ಕಳಿಸುವಂತಿಲ್ಲ, ಮತ್ತೆ ಮತ್ತೆ ಮಾಡಬೇಕು, 24 ಗಂಟೆ ನಿಗಾ ಇಡಬೇಕು. ಶ್ಮಿಟ್ ಅವರ ಬೆಳಗಿನ ತಿಂಡಿ ನೆನಪಿಸಿಕೊಳ್ಳಿ. ರಕ್ತ ಹೆಪ್ಪುಗಟ್ಟುತ್ತದೆ ಎಂದು ಗೊತ್ತಾಗುವವರೆಗೆ ಟಿಟಿ ಸೂಜಿಯನ್ನೂ ತಡೆಯುವುದು ಕ್ರಮ, ಸ್ನಾಯುವಿಗೆ ಚುಚ್ಚಿದಲ್ಲಿ ರಕ್ತ ಕಟ್ಟಿಕೊಳ್ಳುತ್ತದೆ.

ಲಕ್ಷಣವೇ ಇಲ್ಲದಿದ್ದಾಗ ‘ಯಾವುದಕ್ಕೂ ಇರಲಿ, ಪ್ರತಿವಿಷ ಹಾಕಿಬಿಡಿ’ ಎಂದು ವೈದ್ಯರ ಮೇಲೆ ಒತ್ತಡ ಹೇರುವುದು ನಮ್ಮಲ್ಲಿ ಮಾಮೂಲು. ಅದು ಕುದುರೆಯ ರಕ್ತದಿಂದ ತೆಗೆದ ಮದ್ದು. ಆರಂಭದಲ್ಲೇ ಸಾಮಾನ್ಯವಾಗಿ 10 ವಯಲ್ (ಸಣ್ಣ ಬಾಟಲಿ) ಹಾಕುತ್ತಾರೆ. ಕೆಲವರಿಗೆ ತೀವ್ರ ಅಲರ್ಜಿಯಾಗಿ ಅಡ್ರಿನಲಿನ್ ಕೊಟ್ಟು ಬದುಕಿಸಬೇಕಾಗುತ್ತದೆ. ನೀರೊಳ್ಳೆ ಕಚ್ಚಿದವರಿಗೆ ಅದನ್ನು ಹಾಕಿದರೆ ಲಾಭ ಸೊನ್ನೆ, ಅಪಾಯ ಮಾತ್ರ ಪೂರ್ತಿ.

ವಿಷವಿಲ್ಲವೆಂದು ಖಚಿತವಾದ ಮೇಲೂ ಗಾಯ ಉಳಿದಿರುತ್ತದೆ. ಹರಿಯುವ ನೀರು, ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ನೀರೊಳ್ಳೆ ಕಚ್ಚಿದ ಗಾಯವನ್ನು ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ, ಎರಡು ನಿಮಿಷಕ್ಕೊಮ್ಮೆ ತೆರೆದು ನೋಡಿದರೆ ನಿಲ್ಲುವುದಿಲ್ಲ. ಅರಿಶಿನ, ಸುಣ್ಣ, ಕಾಫಿ ಪುಡಿ ಮೆತ್ತಬೇಡಿ. ಹೆಬ್ಬಾವು ಕಚ್ಚಿ ಹಿಡಿದಿದ್ದರೆ ಎಳೆಯಬಾರದು. ಅದರ ಹಲ್ಲು ಕೊಕ್ಕೆಯಂತೆ ಗಂಟಲ ಕಡೆಗೆ ಬಾಗಿವೆ, ಎಳೆದಷ್ಟೂ ಮಾಂಸ ಸೀಳುತ್ತದೆ, ಹಲ್ಲು ಮುರಿದು ಒಳಗೇ ಉಳಿಯುತ್ತದೆ. ತಲೆಯನ್ನು ಮೊದಲು ಕಚ್ಚಿದ ಕಡೆಗೇ ಸ್ವಲ್ಪ ಒತ್ತಿ ಬಿಡಿಸಬೇಕು. ವಾರ ಕಳೆದರೂ ಒಂದು ಜಾಗ ಚುಚ್ಚುತ್ತಿದ್ದರೆ, ಮತ್ತೆ ಮತ್ತೆ ಕೀವಾಗುತ್ತಿದ್ದರೆ ಮುರಿದ ಹಲ್ಲಿದೆಯೇ ಎಂದು ಸ್ಕ್ಯಾನ್ ಮಾಡಿಸಿ.

ಹಾವಿನ ಬಾಯಲ್ಲಿ ಮಾರ್ಗನೆಲ್ಲಾ, ಏರೋಮೊನಾಸ್‌ನಂಥ ಬ್ಯಾಕ್ಟೀರಿಯಾ ಇರುತ್ತವೆ. ಹಾಗೆಂದು ಪ್ರತಿ ಕಡಿತಕ್ಕೂ ಆ್ಯಂಟಿಬಯಾಟಿಕ್ ನುಂಗಬೇಕಿಲ್ಲ. ಬೆರಳ ಗೆಣ್ಣಿನ ಮೇಲಿನ ಆಳದ ಗಾಯ, ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಇವಕ್ಕೆ ವೈದ್ಯರು ಕೊಡಬಹುದು. ಮೆಡಿಕಲ್ ಶಾಪಿನವರು ಮಾಮೂಲಾಗಿ ಕೊಡುವ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಜೋಡಿ ಮಾತ್ರೆ ಮಾರ್ಗನೆಲ್ಲಾ ಮೇಲೆ ಸಾಮಾನ್ಯವಾಗಿ ನಡೆಯುವುದಿಲ್ಲ. ಕೆಂಪಾದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಗಂಟೆ ಬರೆದಿಡಿ. ಮರುದಿನ ಕೆಂಪು ಗೆರೆ ದಾಟಿದ್ದರೆ, ಜ್ವರ ಬಂದರೆ, ಬೆರಳು ಮಡಚಲಾಗದಿದ್ದರೆ ತಡ ಮಾಡಬೇಡಿ. ಟಿಟಿ ಪೂರ್ತಿ ಹಾಕಿಸಿಕೊಂಡಿದ್ದು, ಕೊನೆಯದಾಗಿ ಐದು ವರ್ಷ ಮೀರಿದ್ದರೆ ಇಂಥ ಕೊಳಕು ಗಾಯಕ್ಕೆ ಇನ್ನೊಂದು ಬೇಕು.

2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತ ಅಧಿಸೂಚಿತ ಕಾಯಿಲೆ, ಖಾಸಗಿ ಆಸ್ಪತ್ರೆಗಳೂ ವರದಿ ಮಾಡಲೇಬೇಕು. ಸಂಖ್ಯೆ ಸಿಗುತ್ತದೆ, ಒಳ್ಳೆಯದೇ. ಯಾವ ಹಾವು ಅನ್ನುವ ಕಾಲಮ್ಮು ಸರಿಯಾಗಿ ತುಂಬಬೇಕಾದರೆ ಚಿತ್ರ ಬೇಕು. ಹಾವನ್ನು ಹೊಡೆದು ಚೀಲದಲ್ಲಿ ಆಸ್ಪತ್ರೆಗೆ ತರುವ ಅಗತ್ಯವಿಲ್ಲ. ಕಡಿದ ತಲೆಗೂ ಸುಮಾರು ಹೊತ್ತು ಕಚ್ಚುವ ಶಕ್ತಿ ಇರುತ್ತದೆ. ಎರಡು ಮೀಟರ್ ದೂರದಿಂದ, ಜೂಮ್ ಮಾಡಿ, ತಲೆಯದ್ದೊಂದು, ನಡುಬೆನ್ನಿನದ್ದೊಂದು, ಬಾಲದ್ದೊಂದು ತೆಗೆಯಿರಿ. ಅದಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕಾದರೆ ಬಿಟ್ಟು ಗಾಡಿ ಹತ್ತಿ.